ಹರಡಿನ ಗರಡಿ

ನಾನು ಬಿದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ. ನಮ್ಮ ಊರಿನಲ್ಲಿ ಯಾರಾದರೂ ಬಿದ್ದರೆಂದರೆ ಜನ ಮೊದಲು ಕೇಳುವುದು ಎಷ್ಟು ಪೆಟ್ಟಾಯಿತು ಎಂದಲ್ಲ, ಎಷ್ಟು ಹೊತ್ತಿಗೆ ಎಂದು. ಬೆಳಿಗ್ಗೆ ಹಾಲಿನವಳು ಬರುವ ಹೊತ್ತಿಗೆ ಊರು ಮೂಡಲಿಗೆ ವಾಲುತ್ತದೆ. ಹನ್ನೆರಡರ ಸುಮಾರಿಗೆ ಎದ್ದು ಅರ್ಧ ತಾಸು ಸಪಾಟಾಗಿ ನಿಲ್ಲುತ್ತದೆ. ಆಮೇಲೆ ಪಡುವಲಿಗೆ ವಾಲಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಸರಿಯಾಗುತ್ತದೆ. ಮದುವೆಯ ಅಕ್ಷತೆ ಆ ಮಧ್ಯಾಹ್ನದ ಅರ್ಧ ತಾಸಿನಲ್ಲೇ ಬೀಳಬೇಕು, ದೋಣಿ ಆಗಲೇ ದಾಟಬೇಕು. ಹೊಸದಾಗಿ ಬಂದ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠ, ಸಾರಿನ ಪಾತ್ರೆಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು ಎಂಬುದು. ವಾಲಿನಲ್ಲಿ ಬಿದ್ದವರನ್ನು ಕಂಡು ಯಾರೂ ನಗುವುದಿಲ್ಲ. ಹನ್ನೆರಡಕ್ಕೆ ಅಂಬೆಗಾಲಿಡುವ ಕೂಸೂ ಬೀಳುವುದಿಲ್ಲ.

ನಾನು ಕ್ಷೌರಿಕ. ಹೆಸರು ತಿರಕಪ್ಪ. ಐವತ್ತೊಂದು ವರ್ಷದವನು, ಅದರಲ್ಲಿ ಮೂವತ್ತನಾಲ್ಕು ವರ್ಷ ವಾಲುವ ನೆಲದ ಮೇಲೆ ನಿಂತು ಜನರ ಗಂಟಲ ಮೇಲೆ ಕತ್ತಿ ಆಡಿಸಿದವನು. ಒಬ್ಬರಿಗೂ ಗಾಯ ಮಾಡಿಲ್ಲ. ಆ ದಿನ ಗಿರಾಕಿಯೊಬ್ಬರು ಕನ್ನಡಕ ಮರೆತು ಹೋದರು. ಅದನ್ನು ಕೊಡಲೆಂದು ಅಂಗಡಿಯ ಮೆಟ್ಟಿಲು ಇಳಿದೆ. ಮುಂಜಾನೆಯಿಂದ ವಾಲಿಗೆ ಹೊಂದಿಕೊಂಡಿದ್ದ ಕಾಲು ಅದೇ ಲೆಕ್ಕದಲ್ಲಿ ನೆಲ ಹುಡುಕಿತು. ನೆಲ ಸಪಾಟಾಗಿತ್ತು, ನನ್ನ ಕಾಲಷ್ಟೇ ವಾಲಿತ್ತು. ಬಲಗಾಲಿನ ಹರಡು, ಅಂದರೆ ಪಾದವು ಕಾಲಿಗೆ ಸೇರುವ ಆ ಕೀಲು, ಒಣಸೌದೆಯ ಹಾಗೆ ಸದ್ದು ಮಾಡಿತು. ಕನ್ನಡಕಕ್ಕೆ ಏನೂ ಆಗಲಿಲ್ಲ.

ಹೊಳೆಯಾಚೆಯ ಡಾಕ್ಟರು ಆರು ವಾರ ಪ್ಲಾಸ್ಟರು ಹಾಕಿದರು. ಬಿಚ್ಚಿದಾಗ ಕಾಲು ನೆಲದಡಿಯಿಂದ ಅಗೆದು ತೆಗೆದ ಗೆಣಸಿನ ಹಾಗಿತ್ತು. ಮೂಳೆ ಕೂಡಿದೆ, ಇನ್ನು ಕಾಶವ್ವನ ಹತ್ತಿರ ಹೋಗು ಎಂದರು. ಅವರು ಹೇಳದಿದ್ದರೂ ನಾನು ಹೋಗಲೇಬೇಕಿತ್ತು. ಕತ್ತಿ, ಕುದಿಯುವ ಎಣ್ಣೆ, ಎಳೆಗೂಸು, ಈ ಮೂರರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಬದುಕುವವರ ಹರಡಿಗೆ ಪೆಟ್ಟಾದರೆ, ಕಾಶವ್ವನ ಗರಡಿಯಲ್ಲಿ ಪಾಸಾಗುವ ತನಕ ಅವರು ಕೆಲಸ ಮುಟ್ಟುವ ಹಾಗಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಅದಕ್ಕೇ ಯಾರೂ ಮೀರುತ್ತಿರಲಿಲ್ಲ.

ಅದು ಒಂದು ಕಾಲಕ್ಕೆ ನಿಜವಾದ ಕುಸ್ತಿಯ ಗರಡಿ. ಕಾಶವ್ವನ ಗಂಡ ಉಸ್ತಾದನಾಗಿದ್ದ. ವಾಲುವ ಮಣ್ಣಿನಲ್ಲಿ ಕುಸ್ತಿ ಆಡಿದ ಪೈಲವಾನರ ಹರಡುಗಳನ್ನು ತಿಕ್ಕಿ, ಕಟ್ಟಿ, ಎಬ್ಬಿಸಿ ಕಾಶವ್ವ ಆ ವಿದ್ಯೆ ಕಲಿತಳು. ಗಂಡ ಸತ್ತ ಮೇಲೆ ಕುಸ್ತಿ ನಿಂತಿತು, ಹರಡಿನ ಕೆಲಸ ಉಳಿಯಿತು. ಗದೆಗಳಿದ್ದ ಗೂಟಗಳಿಗೆ ಈಗ ಸೈಕಲ್ ಟ್ಯೂಬಿನ ಪಟ್ಟಿಗಳು ಜೋತುಬಿದ್ದಿದ್ದವು. ಕುಸ್ತಿಯ ಅಖಾಡವಿದ್ದಲ್ಲಿ ಮೊಣಕಾಲುದ್ದದ ಮರಳಿನ ತೊಟ್ಟಿ. ಒಂದು ಬುಟ್ಟಿ ಗೋಲಿ, ಹಿಮ್ಮಡಿ ಎತ್ತಿ ಇಳಿಸುವುದಕ್ಕೆ ಒಂದೇ ಒಂದು ಮೆಟ್ಟಿಲು, ಗೋಡೆಗೆ ಒರಗಿಸಿದ ಮೂರು ತೂಗುಹಲಗೆ. ತೂಗುಹಲಗೆ ಅಂದರೆ ಗುಂಡಗಿನ ಹಲಗೆ, ಅಡಿಯಲ್ಲಿ ಅರ್ಧ ಚೆಂಡಿನಂಥ ಮರದ ಉಬ್ಬು. ಮೇಲೆ ನಿಂತರೆ ಅದು ಯಾವ ದಿಕ್ಕಿಗಾದರೂ ಹೊರಳೀತು. ಮೂಲೆಯಲ್ಲಿ ಪರಸ್ಥಳದಿಂದ ಯಾರೋ ದಾನ ಕೊಟ್ಟ ಸ್ಪ್ರಿಂಗು ಪೆಡಲಿನ ಕಬ್ಬಿಣದ ಯಂತ್ರವೊಂದಿತ್ತು. ಸಪಾಟು ನೆಲದವರು ಮಾಡಿದ್ದು. ಕಾಶವ್ವ ಅದರ ಮೇಲೆ ಟವೆಲು ಒಣಹಾಕುತ್ತಿದ್ದಳು.

ಅವಳು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು. ಎಷ್ಟು ಹೊತ್ತಿಗೆ ಬಿದ್ದೆ ಎಂದು ಕೇಳಿದಳು. ಹೇಳಿದೆ. ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಹನ್ನೆರಡಕ್ಕ ಬಿದ್ದವರಿಗೆ ತಡಾ ಆಕ್ಕೈತಿ" ಎಂದಳು. "ಅವರಿಗೆ ಕಾಲಿಗಿಂತ ಮನಸ್ಸು ಹೆಚ್ಚು ಉಳುಕಿರ್ತೈತಿ."

ನನ್ನ ಪಕ್ಕದ ಬೆಂಚಿನಲ್ಲಿ ಸೂಲಗಿತ್ತಿ ರಾಚವ್ವ ಕೂತಿದ್ದಳು. ಅರವತ್ತನಾಲ್ಕು ವರ್ಷದವಳು. ಊರಿನ ಅರ್ಧ ಜನ ಮೊದಲು ನೋಡಿದ ಮುಖ ಅವಳದೇ. ಅವಳ ಪೆಟ್ಟು ಮರ್ಯಾದೆಯ ಪೆಟ್ಟು. ಗಿರಣಿ ಓಣಿಯ ಮನೆಯೊಂದರಲ್ಲಿ ಆಗತಾನೇ ಹುಟ್ಟಿದ ಕೂಸನ್ನು ಎತ್ತಿಕೊಂಡು ತಿರುಗುವಾಗ ಊರು ಪಡುವಲಿಗೆ ಜಾರಿತು. ಕೂಸನ್ನು ಮೇಲೆ ಹಿಡಿಯಲು ಎಡಗಾಲನ್ನು ತನ್ನಡಿಯೇ ಮಡಚಿ ಕೂತುಬಿಟ್ಟಳು. ಹರಡಿನ ಮೂಳೆ ಹಿಡಿದಿಡುವ ಎರಡು ಕಟ್ಟು ಹರಿದವು. ಕೂಸಿಗೆ ಎಚ್ಚರವೂ ಆಗಲಿಲ್ಲವಂತೆ. ಆ ಕೂಸಿನ ತಾಯಿ ಆಗಾಗ ಗರಡಿಗೇ ಬಂದು ಅದನ್ನು ತೋರಿಸಿ ಹೋಗುತ್ತಿದ್ದಳು. ರಾಚವ್ವ ದೂರದಿಂದಲೇ ನೋಡಿ, ಚಲೋ ಐತಿ, ಕರಕೊಂಡ ಹೋಗು ಎನ್ನುತ್ತಿದ್ದಳು. ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಮೊದಲ ಹದಿನೈದು ದಿನ ಕೂತಲ್ಲೇ ಕೆಲಸ. ಟ್ಯೂಬಿನ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಆಚೆ ಎಳೆ, ಈಚೆ ಎಳೆ. ಕಾಲ್ಬೆರಳಿನಿಂದ ಗೋಲಿ ಹೆಕ್ಕಿ ಡಬ್ಬಿಗೆ ಹಾಕು. ನೆಲಕ್ಕೆ ಹಾಸಿದ ಟವೆಲನ್ನು ಬೆರಳಿನಿಂದಲೇ ಮುದುಡಿ ಎಳೆದುಕೋ. ಕತ್ತಿ ಹಿಡಿದು ಬೆಳೆದ ನಾನು ಮಧ್ಯಾಹ್ನದ ತನಕ ಹನ್ನೊಂದು ಗೋಲಿ ಹೆಕ್ಕಿ ಬೆವರುತ್ತಿದ್ದೆ. ಅದು ಮುಗಿದ ಮೇಲೆ ಕಾಲು ಮುಂದೆ ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ದಿಂದ ಳ ತನಕ ಬರೆಯಬೇಕು. ನಮ್ಮ ಅಕ್ಷರದಲ್ಲಿ ಗುಂಡು ಹೆಚ್ಚು, ಹರಡಿಗೆ ಅದೇ ಬೇಕಾದದ್ದು ಎಂಬುದು ಕಾಶವ್ವನ ಲೆಕ್ಕ.

ರಾಚವ್ವ ಕಾಲು ಚಾಚಿ ಸುಮ್ಮನೆ ಕೂತಳು. ನೋಯುತ್ತದೆಯೇ ಎಂದು ಕಾಶವ್ವ ಕೇಳಿದಳು. ಇಲ್ಲ ಎಂದಳು. ಹಾಗಾದರೆ ಬರಿ ಎಂದಳು ಕಾಶವ್ವ.

"ನನಗ ಅಕ್ಷರ ಬರೂದಿಲ್ಲ" ಎಂದಳು ರಾಚವ್ವ. ನಾಚಿಕೆಯಿಂದಲ್ಲ, ನನಗೆ ಈಜು ಬರುವುದಿಲ್ಲ ಎಂದ ಹಾಗೆ.

ತಿರಕಪ್ಪನ ಕಾಲು ನೋಡಿ ಬರಿ ಎಂದು ಹೇಳಿ ಕಾಶವ್ವ ಹೊರಟುಹೋದಳು. ಹೀಗೆ ಏಳನೇ ಇಯತ್ತೆ ಪಾಸಾದ ನಾನು ಬಲಗಾಲಿನಿಂದ ಮಾಸ್ತರನಾದೆ. ಮೊದಲೆರಡು ದಿನ ಎದುರಾಬದುರು ಕೂತಿದ್ದೆವು, ಅವಳು ಎಲ್ಲ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವು ಮುರುವಾಗಿ ಕಲಿತಳು. ಜೀವನವಿಡೀ ಕನ್ನಡಿಯ ಎದುರು ನಿಂತ ನನಗೇ ಅದು ಹೊಳೆದಿರಲಿಲ್ಲ. ಮೂರನೆಯ ದಿನದಿಂದ ಪಕ್ಕಪಕ್ಕದಲ್ಲಿ ಕೂತೆವು. ನನ್ನ ಬಲಗಾಲು ಬರೆಯುವುದು, ಅವಳ ಎಡಗಾಲು ಹಿಂಬಾಲಿಸುವುದು. ತಿಂಗಳೊಳಗೆ ಅವಳಿಗೆ ರಾಚವ್ವ ಎಂದು ಬರೆಯಲು ಬಂತು. ವ ಅಕ್ಷರದ ಅಡಿಗೆ ಒತ್ತು ಕೊಡುವಾಗ ಪಾದ ಒಳಕ್ಕೆ ತಿರುಗಬೇಕು, ಅಲ್ಲೇ ಅವಳಿಗೆ ನೋವು. ಪ್ರತಿಸಲ ಅಲ್ಲಿ ಒಂದು ಕ್ಷಣ ತಡೆದು, ಉಸಿರು ಬಿಟ್ಟು, ಹೆಸರು ಮುಗಿಸುತ್ತಿದ್ದಳು. ಅವಳ ಕಾಲು ಎಲ್ಲಿ ತಡೆಯುತ್ತದೆ, ಎಲ್ಲಿ ನಡುಗುತ್ತದೆ ಎಂಬುದು ನನಗೆ ನನ್ನ ಕಾಲಿಗಿಂತ ಚೆನ್ನಾಗಿ ಗೊತ್ತಾಯಿತು.

ಎರಡನೆಯ ತಿಂಗಳು ತೂಗುಹಲಗೆ ಹತ್ತಿದೆವು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು. ಹೊರಗೆ ಊರು ವಾಲುತ್ತಿತ್ತು, ಒಳಗೆ ಹಲಗೆ ಬೇರೆ ವಾಲುತ್ತಿತ್ತು, ಎರಡರ ನಡುವೆ ನಮ್ಮ ಹರಡು ಪಂಚಾಯ್ತಿ ಮಾಡಬೇಕು. ಪಾಸಾಗುವುದೆಂದರೆ ಇಷ್ಟೆ. ಮಧ್ಯಾಹ್ನದ ಸಪಾಟು ಮುಗಿಯುವಾಗ ಹಲಗೆಯ ಮೇಲೆ ನಿಂತು, ಊರು ಪಡುವಲಿಗೆ ಹೊರಳತೊಡಗಿದ ಕೂಡಲೇ ಒಳ್ಳೆಯ ಕಾಲು ಎತ್ತಬೇಕು. ಕೈಯಲ್ಲಿ ಕಂಠಮಟ್ಟ ನೀರು ತುಂಬಿದ ಹಿತ್ತಾಳೆ ಲೋಟ. ಊರು ಹೊರಳಿ ನಿಲ್ಲುವ ತನಕ ಒಂದು ಹನಿ ಚೆಲ್ಲಬಾರದು.

ಲೋಟ ಹಿಡಿದು ರಾಚವ್ವ ನನಗಿಂತ ಚೆನ್ನಾಗಿ ನಿಲ್ಲುತ್ತಿದ್ದಳು. ಒಂದು ದಿನ ಕಾಶವ್ವ ಲೋಟ ತೆಗೆದುಕೊಂಡು, ಮೂರು ಸೇರು ಮರಳು ತುಂಬಿದ ಮೆತ್ತನೆಯ ಚೀಲವೊಂದನ್ನು ಅವಳ ತೋಳಿಗೆ ಕೊಟ್ಟಳು. ಹುಟ್ಟಿದ ಕೂಸಿನ ತೂಕ. ಕೊಟ್ಟ ಕೂಡಲೇ ರಾಚವ್ವನ ಹಿಮ್ಮಡಿ ನಡುಗಿತು. ಊರು ಸಪಾಟಾಗಿಯೇ ಇತ್ತು. ಅವಳು ಇಳಿದು ಚೀಲವನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದಳು. ಬಿಸಾಡಲಿಲ್ಲ, ಮಲಗಿಸಿದಳು. ಆ ದಿನ ಮತ್ತೆ ಹಲಗೆ ಹತ್ತಲಿಲ್ಲ.

ಇದೆಲ್ಲ ನಡೆಯುವಾಗ ನನ್ನ ಮಗಳು ಸಾವಂತ್ರಿ ಚೊಚ್ಚಲ ಬಸುರಿಯಾಗಿ ನಮ್ಮ ಮನೆಗೆ ಬಂದಿದ್ದಳು. ರಾಚವ್ವನ ಕೈಯಲ್ಲೇ ಹುಟ್ಟಿದವಳು, ಅವಳ ಕೈಯಲ್ಲೇ ಹೆರುತ್ತೇನೆ ಎಂದು ಕೂತಿದ್ದಳು. ರಾಚವ್ವ ಇನ್ನೂ ಪಾಸಾಗಿಲ್ಲ, ಹೊಳೆಯಾಚೆಯ ನರ್ಸಮ್ಮನಿಗೆ ಹೇಳಿಟ್ಟಿದ್ದೇವೆ ಎಂದು ನನ್ನ ಹೆಂಡತಿ ಸೋಮವ್ವ ಸಮಾಧಾನ ಮಾಡುತ್ತಿದ್ದಳು. ಗರಡಿಯಲ್ಲಿ ನಾನು ಈ ಮಾತು ಎತ್ತಲಿಲ್ಲ. ರಾಚವ್ವನೂ ಎತ್ತಲಿಲ್ಲ. ತಿಂಗಳೆಷ್ಟಾಯಿತು ಎಂದು ಮಾತ್ರ ವಾರಕ್ಕೊಮ್ಮೆ ಕೇಳುತ್ತಿದ್ದಳು.

ನೋವು ಕಾಣಿಸಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ, ಹೇಳಿದ ದಿನಕ್ಕಿಂತ ಹನ್ನೆರಡು ದಿನ ಮುಂಚೆ. ಅಳಿಯ ಹೊಳೆಯ ದಡಕ್ಕೆ ಓಡಿದ. ಮಧ್ಯಾಹ್ನ ದೋಣಿ ಬಂತು. ನರ್ಸಮ್ಮ ಬೇರೆ ಯಾವುದೋ ಊರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಎಂದು ಅಂಬಿಗ ಹೇಳಿದ. ಸಾವಂತ್ರಿಯ ಮುಖ ನೋಡಿದರೆ ನಾಳೆಯ ತನಕ ತಡೆಯುವ ಮಾತಲ್ಲ ಎಂಬುದು ನನಗೂ ತಿಳಿಯುತ್ತಿತ್ತು. ನಾನು ಕೋಲು ಹಿಡಿದು ರಾಚವ್ವನ ಮನೆಗೆ ಹೋದೆ.

ಅವಳು ಪಡಸಾಲೆಯಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದಳು. ಹೇಳಿದೆ. ಕೇಳಿಸಿಕೊಂಡು ಇನ್ನೂ ನಾಲ್ಕು ಕಾಯಿ ಸೋಸಿದಳು.

"ನಾ ಪಾಸಾಗಿಲ್ಲ, ತಿರಕಪ್ಪ."

ಗೊತ್ತು ಎಂದೆ. ನಾನೂ ಆಗಿಲ್ಲ ಎಂದೆ. ಅದರಿಂದ ಏನೂ ಸಾಬೀತಾಗಲಿಲ್ಲ. ಕಾಲು ನಡುಗಿದರೆ ಏನು ಮಾಡುವುದು, ಕೂಸು ಕೈಯಲ್ಲಿರುತ್ತದೆ, ಅದು ನಿನ್ನ ಮೊಮ್ಮಗು ಬೇರೆ ಎಂದು ಅವಳು ಲೆಕ್ಕ ಹೇಳುವವಳ ಹಾಗೆ ಒಂದೊಂದಾಗಿ ಹೇಳಿದಳು. ದೋಣಿ ಖಾಲಿ ಬಂತು ಎಂದಷ್ಟೇ ಮತ್ತೊಮ್ಮೆ ಹೇಳಿದೆ. ಅವಳು ಮೊರ ಬದಿಗಿಟ್ಟು ಕೈ ತೊಳೆದಳು. ಅಷ್ಟರಲ್ಲಿ ಊರು ಪಡುವಲಿಗೆ ಹೊರಳತೊಡಗಿತ್ತು. ಇಬ್ಬರೂ ಒಂದೇ ಕೋಲನ್ನು ಹಿಡಿದು, ಗೋಡೆ ಸವರಿಕೊಂಡು ನಡೆದೆವು. ಓಣಿಯವರು ನೋಡಿದರು.

ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಒಳಗೆ ಸೋಮವ್ವ ಮಗಳ ಹೆಗಲು ಹಿಡಿದು ಕೂತಿದ್ದಳು. ಪಕ್ಕದ ಮನೆಯ ಹೆಂಗಸು ಬಿಸಿನೀರಿನ ಹಂಡೆ ಜಾರದಂತೆ ಹಿಡಿದಿದ್ದಳು. ರಾಚವ್ವ ಹೊಸ್ತಿಲು ದಾಟಿ ತಿರುಗಿ ನೋಡಿದಳು.

"ನೀನೂ ಬಾ, ನನ್ನ ಕಾಲಿಗೆ ಆಸರಾಗಿ ನಿಂದ್ರು" ಎಂದಳು.

ಹೆರಿಗೆಯ ಕೋಣೆಗೆ ಗಂಡಸು ಹೋಗುವುದುಂಟೇ ಎಂದು ಪಕ್ಕದ ಮನೆಯವಳು ಹಂಡೆಯ ಹಿಂದಿನಿಂದಲೇ ಕೇಳಿದಳು. ಬೇಕಾದರೆ ಆಸರೆಗೆ ನಾನೇ ನಿಲ್ಲುತ್ತೇನೆ ಎಂದಳು.

"ನಿನಗ ನನ್ನ ಕಾಲು ಗೊತ್ತಿಲ್ಲ" ಎಂದಳು ರಾಚವ್ವ. "ಇವಗ ಗೊತ್ತೈತಿ. ಕಣ್ಣಿಗೆ ಬಟ್ಟಿ ಕಟ್ಟ್ರಿ."

ಸೋಮವ್ವ ಎದ್ದು ಬಂದು ತನ್ನ ಸೆರಗಿನಿಂದಲ್ಲ, ನನ್ನ ಅಂಗಡಿಯ ಟವೆಲಿನಿಂದಲೇ ನನ್ನ ಕಣ್ಣು ಕಟ್ಟಿದಳು. ಬಿಗಿಯಾಗಿಯೇ ಕಟ್ಟಿದಳು. ರಾಚವ್ವನ ಹಿಂದೆ ನನ್ನನ್ನು ಒಯ್ದು ನಿಲ್ಲಿಸಿದರು. ಅವಳ ಎಡ ಹಿಮ್ಮಡಿ ಎಲ್ಲಿದೆ ಎಂದು ಪಾದದಿಂದಲೇ ತಡವಿ, ನನ್ನ ಎಡಗಾಲನ್ನು ಅದರ ಹಿಂದೆ ಅಡ್ಡಲಾಗಿ ಬೆಣೆಯ ಹಾಗೆ ಇಟ್ಟೆ. ಅವಳದು ಎಡಗಾಲು ಕೆಟ್ಟದ್ದು, ನನ್ನದು ಬಲಗಾಲು. ಇಬ್ಬರದೂ ಸೇರಿ ಎರಡು ಒಳ್ಳೆಯ ಕಾಲು ಇದ್ದವು. ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು.

ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಕಣ್ಣು ಕಟ್ಟಿದರೆ ಊರು ವಾಲುವುದು ಅಂಗಾಲಿಗೆ ಬೇರೆ ರೀತಿ ತಿಳಿಯುತ್ತದೆ, ಯಾರೋ ಅಡಿಯಿಂದ ಚಾಪೆ ನಿಧಾನ ಎಳೆದ ಹಾಗೆ. ಮಗಳು ಕೂಗುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಅವಳು ಅತ್ತರೆ ನಾನು ಅಂಗಡಿಯಿಂದ ಎದ್ದು ಬರುತ್ತಿದ್ದೆ. ಆ ದಿನ ಅಲ್ಲೇ ಎರಡು ಮಾರು ದೂರದಲ್ಲಿದ್ದು ಅತ್ತ ಮುಖ ಮಾಡುವ ಹಾಗಿರಲಿಲ್ಲ. ನಾನು ಮಾಡಬೇಕಾದದ್ದು ಒಂದೇ, ಅಲುಗದೆ ನಿಲ್ಲುವುದು. ನನ್ನ ಬಲ ಹರಡು ಉರಿಯುತ್ತಿತ್ತು. ರಾಚವ್ವ ಒಂದೊಂದೇ ಮಾತು ಆಡುತ್ತಿದ್ದಳು, ತಗ್ಗಿದ ದನಿಯಲ್ಲಿ, ಈಗ ಬ್ಯಾಡ, ಈಗ ಮುಕ್ಕರಿಸು, ಸಾಕು. ಆಮೇಲೆ ಅವಳ ಮಾತು ನಿಂತಿತು. ಅವಳು ಮುಂದಕ್ಕೆ ಬಾಗಿದಳು. ಕೈಗೆ ಭಾರ ಬಂದದ್ದು ನನಗೆ ಅವಳ ಬೆನ್ನಿನಲ್ಲಿ ತಿಳಿಯಿತು. ಅದೇ ಕ್ಷಣ ಅವಳ ಹಿಮ್ಮಡಿ ನನ್ನ ಪಾದಕ್ಕೆ ಒತ್ತಿ ನಡುಗತೊಡಗಿತು.

ಒತ್ತಕ್ಷರದ ಹತ್ತಿರ ನಡುಗುವ ಅದೇ ನಡುಕ. ನಾನು ಅವಳ ಎಡಭುಜದ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದೆ. ಅವಳು ಉಸಿರು ಬಿಟ್ಟಳು. ನಡುಕ ನಿಂತಿತು. ಕೂಸು ಅತ್ತಿತು.

"ಹಿಡದೀನಿ" ಎಂದಳು ರಾಚವ್ವ. ಯಾರೂ ಕೇಳಿರಲಿಲ್ಲ. "ಹಿಡದೀನಿ, ಹಿಡದೀನಿ" ಎಂದು ಮತ್ತೆರಡು ಸಲ ಹೇಳಿದಳು. ಸೋಮವ್ವ ಬಂದು ಕೂಸನ್ನು ತೆಗೆದುಕೊಳ್ಳುವ ತನಕ ನಾವಿಬ್ಬರೂ ಅಲುಗಲಿಲ್ಲ. ಹೆಣ್ಣುಕೂಸು. ನನ್ನನ್ನು ಹೊರಗೆ ಕರೆತಂದು ಟವೆಲು ಬಿಚ್ಚಿದಾಗ ಅದು ಒದ್ದೆಯಾಗಿತ್ತು. ಬೆವರು ಎಂದು ಅಳಿಯನಿಗೆ ಹೇಳಿದೆ.

ಮರುದಿನ ರಾಚವ್ವ ತಾನೇ ಕಾಶವ್ವನಿಗೆ ಎಲ್ಲ ಹೇಳಿದಳು. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಕಾಶವ್ವ ಪೂರ್ತಿ ಕೇಳಿದಳು. ಪಾಸಾಗದ ಕಾಲಿನಲ್ಲಿ ಕೂಸು ಹಿಡಿದದ್ದು ತಪ್ಪು ಎಂದಳು. ನಾವು ಹೌದು ಎಂದೆವು. ಮೆಟ್ಟಿಲಿನ ಮೇಲೆ ಇನ್ನೂರು ಸಲ ಹಿಮ್ಮಡಿ ಎತ್ತಿ ಇಳಿಸಲು ಹೇಳಿದಳು. ಇಬ್ಬರೂ ಎತ್ತಿ ಇಳಿಸಿದೆವು.

ಎಂಟು ದಿನದ ಮೇಲೆ ಪರೀಕ್ಷೆ. ಮೊದಲು ನಾನು. ಲೋಟ ಹಿಡಿದು ನಿಂತೆ, ಊರು ಹೊರಳಿತು, ಹನಿ ಚೆಲ್ಲಲಿಲ್ಲ. ಮೂರು ತಿಂಗಳಿಂದ ಆ ಗಳಿಗೆಗಾಗಿ ಕಾದಿದ್ದೆ. ಬಂದಾಗ, ಬಸ್ಸು ಹಿಡಿದವನಿಗೆ ಆಗುವಷ್ಟೇ ಸಂತೋಷವಾಯಿತು. ಮರುದಿನ ಮಧ್ಯಾಹ್ನ ರಾಚವ್ವನ ಸರದಿ. ನಾನು ಗೋಡೆಗೆ ಒರಗಿ ಕೂತಿದ್ದೆ, ಸೋಮವ್ವನೂ ಬಂದಿದ್ದಳು. ಊರು ಹೊರಳತೊಡಗಿತು. ರಾಚವ್ವ ಬಲಗಾಲು ಎತ್ತಿದಳು. ಕಂಬದ ಹಾಗೆ ನಿಂತಿದ್ದಳು. ಇನ್ನೇನು ಊರು ನಿಲ್ಲಬೇಕು, ಆಗ ಅವಳ ಹಿಮ್ಮಡಿ ಒಮ್ಮೆ ಅಲುಗಿತು. ಹಲಗೆಯ ಅಂಚಿನಾಚೆ, ಅವಳ ನೆರಳಿನಲ್ಲಿ, ಒಂದು ಹನಿ ಬಿತ್ತು. ಕಾಶವ್ವ ನಿಂತ ಕಡೆಯಿಂದ ಅದು ಕಾಣುವ ಹಾಗಿರಲಿಲ್ಲ. ನನಗೆ ಕಂಡಿತು. ನಾನು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತೋ ಏನೋ.

"ಚೆಲ್ಲೇತಿ" ಎಂದಳು ರಾಚವ್ವ.

ಕಾಶವ್ವ ಬಂದು ನೋಡಿದಳು. ಮರಳುನೆಲ ಹನಿಯನ್ನು ಆಗಲೇ ಹೀರಿ ಒಂದು ಕಪ್ಪು ಚುಕ್ಕೆ ಉಳಿದಿತ್ತು. ಬರುವ ತಿಂಗಳು ಮತ್ತೆ ನಿಲ್ಲು ಎಂದಳು. ಈ ಕಾಲು ಹೇಳುವುದನ್ನು ಹೇಳಿ ಮುಗಿಸಿದೆ, ಅರವತ್ತನಾಲ್ಕು ವರ್ಷ ಹೊತ್ತಿದೆ, ಇನ್ನೆಷ್ಟು ಕೇಳುವುದು ಎಂದು ರಾಚವ್ವ ಹಲಗೆಯಿಂದ ಇಳಿದಳು. ಲೋಟದಲ್ಲಿದ್ದ ನೀರು ಕುಡಿದಳು. ಬಾಯಾರಿತ್ತು ಎಂದು ಕಾಣುತ್ತದೆ, ಪೂರ್ತಿ ಕುಡಿದಳು. ಕಾಶವ್ವ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದಳು, ಅದು ಜಾರಿ ಬಿತ್ತು, ಮತ್ತೆ ಒರಗಿಸಿದಳು.

ನಾನು ಅಂಗಡಿ ತೆರೆದೆ. ಜನ ಮೊದಮೊದಲು ತಲೆಗೂದಲಿಗೆ ಬಂದರು, ಆಮೇಲೆ ಗಡ್ಡಕ್ಕೂ ಬಂದರು. ರಾಚವ್ವ ಮನೆಯಲ್ಲೇ ಇದ್ದಳು. ಸಾವಂತ್ರಿ ಕೂಸನ್ನು ಒಯ್ದರೆ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳಂತೆ. ಗಾಣದ ಓಣಿಯಲ್ಲಿ ಗಾಣದವನ ಹೆಂಡತಿಗೆ ದಿನ ತುಂಬಿದೆ, ನರ್ಸಮ್ಮನಿಗೆ ಹೇಳಿದ್ದಾರೆ, ಆದರೆ ಆ ಹುಡುಗಿಗೆ ರಾಚವ್ವನೇ ಬೇಕಂತೆ ಎಂಬ ಸುದ್ದಿ ಅಂಗಡಿಯಲ್ಲಿ ನನ್ನ ಕಿವಿಗೂ ಬಿತ್ತು. ಹಿಂದೆ ನಿಲ್ಲಲು ನನ್ನನ್ನು ಕರೆದರೆ ಏನು ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಮಗಳ ಮಾತು ಬೇರೆ, ಊರವರ ಮಾತು ಬೇರೆ.

ಮೂರನೆಯ ದಿನ ಮಧ್ಯಾಹ್ನ, ಪಡುವಲ ವಾಲು ಶುರುವಾದ ಮೇಲೆ, ಗಾಣದವನ ಅಣ್ಣನಿಗೆ ಸೋಪು ಹಚ್ಚಿ ಒಂದು ಕೆನ್ನೆ ಮುಗಿಸಿದ್ದೆ. ಕಾಶವ್ವ ಬಂದು ಬಾಗಿಲಲ್ಲಿ ನಿಂತಳು. ಗರಡಿ ಬಿಟ್ಟು ಅವಳು ಪೇಟೆಗೆ ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. ಹೆಗಲಲ್ಲಿ ರಾಚವ್ವನ ಹೆರಿಗೆಯ ಚೀಲವಿತ್ತು. ಹೊರಗೆ ಕಟ್ಟೆಯ ಮೇಲೆ ರಾಚವ್ವ ಕೋಲು ಹಿಡಿದು ಕೂತಿದ್ದಳು, ನನ್ನ ಕಡೆ ನೋಡಲಿಲ್ಲ.

"ನಿನ್ನ ಕಾಲು ಎಲ್ಲಿತ್ತು, ತೋರಸು" ಎಂದಳು ಕಾಶವ್ವ.

ನಾನು ಕತ್ತಿ ಮಡಚಿಟ್ಟೆ. ಬೆರಳಿನಲ್ಲಿದ್ದ ಸೋಪಿನ ನೊರೆಯಿಂದ ನೆಲದ ಮೇಲೆ ರಾಚವ್ವನ ಹಿಮ್ಮಡಿಯ ಗುರುತು ಮಾಡಿ, ಅದರ ಹಿಂದೆ ನನ್ನ ಎಡಪಾದವನ್ನು ಅಡ್ಡಲಾಗಿ ಇಟ್ಟು ತೋರಿಸಿದೆ. ಅವಳು ನನ್ನನ್ನು ಸರಿಸಿ ತನ್ನ ಪಾದ ಇಟ್ಟಳು. ಊರಿನಲ್ಲಿ ಅದಕ್ಕಿಂತ ಗಟ್ಟಿ ಹರಡು ಇನ್ನೊಂದಿಲ್ಲ. ಆದರೂ ಎರಡು ಸಲ ತೆಗೆದು, ಸರಿಮಾಡಿ ಇಟ್ಟಳು.

"ನಡಗಿದಾಗ?"

ಭುಜ ಒತ್ತಿದೆ ಎಂದೆ.

"ಎಷ್ಟು?"

ಮಾತಿನಲ್ಲಿ ಹೇಳಲು ಬರಲಿಲ್ಲ. ಅವಳ ಎಡಭುಜದ ಮೇಲೆ ಕೈಯಿಟ್ಟು ಒತ್ತಿ ತೋರಿಸಿದೆ. ಅವಳು ಕಣ್ಣು ಮುಚ್ಚಿ ಅದನ್ನು ಗಮನವಿಟ್ಟು ಕೇಳಿಸಿಕೊಂಡಳು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಒತ್ತಿದೆ. ಸರಿ ಎಂದು ತಲೆಯಾಡಿಸಿ, ಚೀಲವನ್ನು ಹೆಗಲಲ್ಲಿ ಸರಿಮಾಡಿಕೊಂಡು ಮೆಟ್ಟಿಲು ಇಳಿದಳು. ರಾಚವ್ವನಿಗೆ ತೋಳು ಕೊಟ್ಟಳು. ಇಬ್ಬರೂ ಗಾಣದ ಓಣಿಯ ಇಳಿಜಾರಿನಲ್ಲಿ, ಅವಸರವಿಲ್ಲದೆ, ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಹೋದರು.

ಎಲ್ಲಿಗೆ ಹೊರಟರು ಎಂದು ಗಾಣದವನ ಅಣ್ಣ ಅರ್ಧ ಸೋಪಿನ ಮುಖದಲ್ಲೇ ಕೇಳಿದ.

ನಿಮ್ಮ ಮನೆಗೆ ಎಂದೆ. ಕತ್ತು ಅಲುಗಿಸಬೇಡ ಎಂದೂ ಹೇಳಿದೆ.